ಡಲ್ಸಿ ಆಂಟಿಯ ಕಾಲಿನ ಸದ್ದು

“ಅದು ಅವಂದು ಕಾಲಲ್ಲ ಮ್ಯಾನ್. ನಂದು.”

ಡಲ್ಸಿ ಆಂಟಿ ನನ್ನೊಡನೆ ಆಡಿದ ಮೊದಲ ಮಾತು ಇದು. ಆಗ ನಾನು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುತ್ತಿದ್ದೆ. ಸ್ಟೇಷನ್ನಿನಿಂದ ರೂಮಿಗೆ ಹೋಗುವ ಬಸ್ಸಿನಲ್ಲಿ ಕೂತು, ದಾವಣಗೆರೆಯಿಂದ ಅಮ್ಮ ಕಳಿಸಿದ್ದ ಹಳೆಯ ಕಪ್ಪುಬಿಳುಪು ಚಿತ್ರದ ಹಾಡೊಂದನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ಹಾಡಿನಲ್ಲಿ ನಟ ಜಯಕೀರ್ತಿ ರೈಲಿನ ಬೋಗಿಯೊಳಗೆ ಟ್ಯಾಪ್ ಡ್ಯಾನ್ಸ್ ಮಾಡುತ್ತಾರೆ. ನಮ್ಮಜ್ಜಿಯ ಕಾಲದವರು ಅವರನ್ನು ‘ಮಿಂಚುಪಾದ ಜಯಕೀರ್ತಿ’ ಎಂದೇ ಕರೆಯುತ್ತಿದ್ದರಂತೆ. ಮೊದಲು ನಗುವ ಮುಖ, ಆಮೇಲೆ ತೆರೆಯ ತುಂಬ ಬರೀ ಷೂಗಳು. ಅವು ಹಲಗೆಯ ಮೇಲೆ ಕಟಕಟನೆ ಬಡಿಯುತ್ತಿದ್ದಾಗ ಹಿಂದಿನ ಸೀಟಿನಿಂದ ಕೆಂಪು ಉಗುರಿನ ಒಂದು ಬೆರಳು ಚಾಚಿ ಬಂದು ನನ್ನ ಸ್ಕ್ರೀನನ್ನು ಕುಟ್ಟಿತು.

ತಿರುಗಿ ನೋಡಿದೆ. ಎಂಬತ್ತರ ಹತ್ತಿರದ ವಯಸ್ಸು, ಬೆಳ್ಳಗಿನ ಮೈ, ಮೆಹಂದಿ ಕೆಂಪಿನ ಕೂದಲು, ತುಟಿಗೆ ರಂಗು. ಸೂಪರ್ ಮಾರ್ಕೆಟ್ಟಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಆಸ್ಟ್ರೇಲಿಯಾದ ಯಾವುದೋ ಅಜ್ಜಿ ಎಂದುಕೊಳ್ಳಬೇಕು. ಆದರೆ ಬಾಯಿಂದ ಬಂದದ್ದು ಬೆಂಗಳೂರು ಕಂಟೋನ್ಮೆಂಟಿನ ಕನ್ನಡ. ಕಣ್ಣಿನಲ್ಲಿ ಸಿಟ್ಟು ಎಷ್ಟಿತ್ತೆಂದರೆ, ಆ ಕಾಲುಗಳನ್ನು ನಾನೇ ಕದ್ದಿದ್ದೇನೇನೋ ಎನ್ನಿಸಿತು.

“ನೀವು ಕನ್ನಡ ಮಾತಾಡ್ತೀರಾ?” ಎಂದೆ.

“ಅದಲ್ಲ ಪ್ರಶ್ನೆ. ಕಾಲು ಯಾರದು ಅಂತ ಕೇಳು.”

“ಯಾರದು?”

“ಹೇಳಿದ್ನಲ್ಲ, ನಂದು. ಮುಖ ಅವಂದು, ಪ್ಯಾಂಟು ಅವಂದು, ಕಾಲು ನಂದು. ನಾಳೆ ಸಾಯಂಕಾಲ ಮನೆಗೆ ಬಾ, ತೋರಿಸ್ತೀನಿ. ಯಾವ ಊರು ನಿಂದು?”

“ದಾವಣಗೆರೆ.”

“ಬಾ ದಾವಣಗೆರೆ,” ಎಂದು ಎದ್ದು ನಿಂತರು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ದಾವಣಗೆರೆಯೇ. ನನ್ನ ಹೆಸರನ್ನು ಅವರ ಬಾಯಿಂದ ಕೇಳಿದ ನೆನಪಿಲ್ಲ.

ನಾವು ಹುಡುಗಿಯರು ರೆಂಟಿಗಿದ್ದ ಮನೆಯ ಹಿಂದಿನ ಬೀದಿಯಲ್ಲೇ ಅವರ ಯೂನಿಟ್, ಒಬ್ಬರಿಗೆ ಸಾಕಾಗುವ ಪುಟ್ಟ ಮನೆ. ಮರುದಿನ ಹೋದಾಗ ಟೀ ಮಾಡಿ, ಕಾರ್ಪೆಟ್ಟಿನ ಮೇಲೆ ಒಂದು ಪ್ಲೈವುಡ್ ಹಲಗೆ ಹಾಸಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ನಿಂತು ಕುಣಿಯುವ ಕಾಲ ಮುಗಿದಿತ್ತು. ಕಪ್ಪು ಷೂ ಹಾಕಿಕೊಂಡರು. ಅಡಿಯಲ್ಲಿ ಮುಂದೊಂದು ಹಿಂದೊಂದು ಲೋಹದ ಬಿಲ್ಲೆ. ಅದನ್ನು ಅವರು ‘ಲಾಳ’ ಎನ್ನುತ್ತಿದ್ದರು.

“ಹಾಡು ಹಾಕು. ಸೌಂಡ್ ಆಫ್ ಮಾಡು.”

ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಮ್ಯೂಟ್ ಮಾಡಿದೆ. ತೆರೆಯ ಮೇಲೆ ಷೂಗಳು ಬಂದವು. ಕೋಣೆಯಲ್ಲಿ ಸದ್ದು ಶುರುವಾಯಿತು. ಹಿಮ್ಮಡಿ ಬಿದ್ದಲ್ಲಿ ಹಿಮ್ಮಡಿ, ತುದಿ ತಾಗಿದಲ್ಲಿ ತುದಿ. ಒಂದು ಬಡಿತವೂ ಹಿಂದೆ ಮುಂದೆ ಆಗಲಿಲ್ಲ. ಅವರು ಮೊಬೈಲ್ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

“ಈಗ ನೋಡು, ಬಾಗಿಲ ಹತ್ತಿರ ಎಡಗಾಲು ಸ್ವಲ್ಪ ಜಾರುತ್ತೆ. ಡ್ಯಾನ್ಸ್ ಮಾಸ್ಟರ್ ನೋಡಲೇ ಇಲ್ಲ, ಓಕೆ ಅಂದ್ಬಿಟ್ರು.”

ಬಾಗಿಲ ಹತ್ತಿರ ಎಡಗಾಲು ಜಾರಿತು. ಆ ಹಾಡನ್ನು ಎಷ್ಟೋ ಸಲ ನೋಡಿದ್ದ ನಾನು ಅದನ್ನು ಅದುವರೆಗೆ ಕಂಡಿರಲಿಲ್ಲ.

ಜಯಕೀರ್ತಿಯವರಿಗೆ ಕುಣಿಯಲು ಬರುತ್ತಿರಲಿಲ್ಲವಂತೆ. “ಒಳ್ಳೆ ಮನುಷ್ಯ, ಚೆನ್ನಾಗಿ ಮಾತಾಡ್ತಿದ್ದ, ಕಾಲು ಮಾತ್ರ ಮರದ್ದು,” ಎಂದರು. ಅವರ ಪ್ಯಾಂಟನ್ನು ಡಲ್ಸಿ ಆಂಟಿಗೆ ಪಿನ್ನು ಹಾಕಿ ಬಿಗಿಸಿ, ಅವರ ಷೂವಿನೊಳಗೆ ಹತ್ತಿ ತುರುಕಿ ತೊಡಿಸಿ, ಮಂಡಿಯಿಂದ ಕೆಳಗೆ ಮಾತ್ರ ಕ್ಯಾಮೆರಾ ಇಟ್ಟರಂತೆ. ಶೂಟಿಂಗ್ ಮುಗಿದ ಮೇಲೆ ರೆಕಾರ್ಡಿಂಗ್ ಥಿಯೇಟರಿನಲ್ಲಿ ಹಲಗೆಯ ಮೇಲೆ ನಿಂತು, ತೆರೆಯನ್ನು ನೋಡುತ್ತ ಸದ್ದನ್ನೂ ಅವರೇ ಕೊಡಬೇಕು. ನಾಯಕನ ಕಾಲಿಗೂ ಅವರೇ, ನಾಯಕಿಯ ಕಾಲಿಗೂ ಅವರೇ. ಚಿತ್ರದ ಆರಂಭದಲ್ಲಿ ಸಾಲುಸಾಲಾಗಿ ಬರುವ ಹೆಸರುಗಳಲ್ಲಿ ಊಟ ಒದಗಿಸಿದವರ ಹೆಸರಿತ್ತಂತೆ, ಇವರದಿರಲಿಲ್ಲ.

ಹಾಗೆಂದು ಡಲ್ಸಿ ಆಂಟಿ ತೆರೆಯ ಹಿಂದೆ ಅಡಗಿದ್ದ ಬಡಪಾಯಿ ಎಂದು ಯಾರೂ ತಿಳಿಯಬಾರದು. ಹಾಗೆ ತಿಳಿದಿದ್ದರೆ ಅವರೇ ಎದ್ದು ಬಂದು ಕೇಳುತ್ತಿದ್ದರು. ಅವರು ತಾರೆ. ಕೆಲವು ವರ್ಷ ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ, ತಮಿಳು, ತೆಲುಗು ಎನ್ನದೆ ಹಾಡು ಕುಣಿತದ ಚಿತ್ರವೆಂದರೆ ಇವರು ಬೇಕೇ ಬೇಕಿತ್ತು.

ಹುಟ್ಟಿದ್ದು ಕಂಟೋನ್ಮೆಂಟಿನ ಆಂಗ್ಲೋ-ಇಂಡಿಯನ್ ಕುಟುಂಬದಲ್ಲಿ. ಅಪ್ಪ ಪಿಯಾನೋ ರಿಪೇರಿ ಮಾಡುತ್ತಿದ್ದರು. ಮನೆಯೊಳಗೆ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಪಕ್ಕದ ಮನೆಯ ಟೀಚರಮ್ಮನ ಜೊತೆ ಕನ್ನಡ. ಯುದ್ಧದ ಕಾಲದಲ್ಲಿ ಸೈನಿಕರ ಮುಂದೆ ಪ್ರದರ್ಶನ ಕೊಡುತ್ತಿದ್ದ ಹೆಂಗಸೊಬ್ಬರು ಯುದ್ಧ ಮುಗಿದ ಮೇಲೂ ಬೆಂಗಳೂರಿನಲ್ಲೇ ಉಳಿದು, ಚರ್ಚಿನ ಹಾಲಿನಲ್ಲಿ ಮಕ್ಕಳಿಗೆ ಟ್ಯಾಪ್ ಕಲಿಸುತ್ತಿದ್ದರು. ಡಲ್ಸಿ ಆಂಟಿ ಕಲಿತದ್ದು ಅಲ್ಲಿ. ಕ್ರಿಸ್‌ಮಸ್ ಕಾರ್ಯಕ್ರಮವೊಂದರಲ್ಲಿ ಅವರನ್ನು ಕಂಡ ಡ್ಯಾನ್ಸ್ ಮಾಸ್ಟರೊಬ್ಬರು ಮದರಾಸಿಗೆ ಕರೆದೊಯ್ದರು.

ಚಿತ್ರಗಳ ಹೆಸರನ್ನು ಅವರು ಎಂದೂ ಹೇಳುತ್ತಿರಲಿಲ್ಲ. ‘ರೈಲು ಪಿಕ್ಚರ್’, ‘ಛತ್ರಿ ಪಿಕ್ಚರ್’, ‘ಮೆಟ್ಟಿಲು ಪಿಕ್ಚರ್’ ಎಂದು ಸೆಟ್ಟಿನ ಮೇಲೆ ಗುರುತು. ಮೆಟ್ಟಿಲು ಪಿಕ್ಚರ್ ಅವರನ್ನು ತಾರೆ ಮಾಡಿದ್ದು. ಅರಮನೆಯ ಸೆಟ್ಟಿನ ಮೆಟ್ಟಿಲುಗಳ ಮೇಲಿಂದ ಒಬ್ಬರೇ ಟ್ಯಾಪ್ ಮಾಡುತ್ತ ಇಳಿದು, ಕೆಳಗೆ ಬಂದವರು ಬೆನ್ನು ತಿರುಗಿಸದೆ ಹಾಗೇ ಹಿಂದಕ್ಕೆ ಹತ್ತುತ್ತ ಹೋಗುವ ನೃತ್ಯ. ಥಿಯೇಟರುಗಳಲ್ಲಿ ಜನ ಚಿಲ್ಲರೆ ಎಸೆದರಂತೆ. ಮುಂದಿನ ಚಿತ್ರದಿಂದ ಪೋಸ್ಟರಿನ ಮೇಲೆ ‘ಕುಮಾರಿ ನೂಪುರಾ ಅವರ ನೃತ್ಯವಿದೆ’ ಎಂದು ದಪ್ಪಕ್ಷರದಲ್ಲಿ ಬಂತು. ನೂಪುರಾ ಸ್ಟುಡಿಯೋದವರು ಇಟ್ಟ ಹೆಸರು.

“ಜೀವನದಲ್ಲಿ ಗೆಜ್ಜೆ ಕಟ್ಟಿದವಳಲ್ಲ ನಾನು. ನನಗೆ ನೂಪುರಾ! ಡಲ್ಸಿ ಅಂದ್ರೆ ಏನಾಗ್ತಿತ್ತು? ಜನರ ನಾಲಿಗೆ ಸುಡ್ತಿತ್ತಾ?”

ನಾಯಕಿಯ ಪಾತ್ರ ಕೇಳಿಕೊಂಡು ಒಬ್ಬ ನಿರ್ಮಾಪಕರ ಬಳಿ ಹೋದರಂತೆ. ಅವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು, “ನಿಮ್ಮನ್ನ ನೋಡಿದ್ರೆ ನಮ್ಮನೆ ಹೆಣ್ಣುಮಗಳು ಅನ್ನಿಸಲ್ಲಮ್ಮ,” ಎಂದರಂತೆ. ಹಾಗಾಗಿ ಕಥೆಯಲ್ಲಿ ಇವರದು ಯಾವಾಗಲೂ ಕ್ಲಬ್ಬಿನ ಹುಡುಗಿ. ನಾಯಕನನ್ನು ಕೆಡಿಸಲು ಬರುವವಳು, ಕೊನೆಗೆ ಖಳನ ಗುಂಡಿಗೆ ಸಾಯುವವಳು.

“ಒಂದು ಪಿಕ್ಚರಲ್ಲಾದ್ರೂ ನನಗೆ ಮದುವೆ ಆಗಲಿಲ್ಲ ಮ್ಯಾನ್. ಪ್ರತೀ ಸಲ ಗುಂಡು!” ಇದನ್ನು ಹೇಳುವಾಗ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಟ್ಯಾಪ್ ಹಳತಾಯಿತು, ಟ್ವಿಸ್ಟ್ ಕುಣಿತ ಬಂತು, ಕರೆಗಳು ನಿಂತವು. ಅಣ್ಣನ ಸಂಸಾರದ ಜೊತೆ ಮೆಲ್ಬರ್ನಿಗೆ ಬಂದರು. ಬಂದ ಹೊಸತರಲ್ಲಿ ಷೂ ಎತ್ತಿಕೊಂಡು ಟಿವಿಯ ಮನರಂಜನಾ ಕಾರ್ಯಕ್ರಮವೊಂದರ ಆಡಿಷನ್ನಿಗೆ ಹೋದರು. ಅಲ್ಲಿದ್ದವರು ಪೂರ್ತಿ ನೃತ್ಯ ನೋಡಿ, ಚಪ್ಪಾಳೆ ತಟ್ಟಿ, “ಇದನ್ನು ಮಾಡುವ ನಮ್ಮ ಹುಡುಗಿಯರೇ ಇದ್ದಾರೆ. ನೀನು ಇಂಡಿಯಾದವಳಲ್ಲವೆ? ಸೀರೆ ಉಟ್ಟು ಹಾವಿನ ನೃತ್ಯ ಏನಾದರೂ ಮಾಡುತ್ತೀಯಾ?” ಎಂದರಂತೆ.

“ಅಲ್ಲಿ ನಾನು ಬಿಳಿಯವಳು, ಮನೆ ಹೆಣ್ಣಲ್ಲ. ಇಲ್ಲಿ ನಾನು ಇಂಡಿಯಾದವಳು, ಹಾವು. ಕಾಲಿಗೆ ಯಾವ ಬಣ್ಣ ಮ್ಯಾನ್?” ಎಂದು ಡಲ್ಸಿ ಆಂಟಿ ನನ್ನನ್ನು ಕೇಳಿದ್ದರು. ಆ ಪ್ರಶ್ನೆಯನ್ನು ಅವರು ಆ ದಿನ ಆಡಿಷನ್ನಿನಲ್ಲಿ ಕೇಳಿಯೇ ಬಂದಿದ್ದರಂತೆ. ಕೇಳಿ, ಷೂ ಚೀಲಕ್ಕೆ ಹಾಕಿಕೊಂಡು, ಮರುವಾರ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದರು. ರಿಟೈರ್ ಆಗುವವರೆಗೂ ಹಾಸಿಗೆಯ ಬಟ್ಟೆ ಒಗೆದರು. ಶನಿವಾರಗಳಲ್ಲಿ ಮಾತ್ರ ಬಾಡಿಗೆಯ ಹಾಲಿನಲ್ಲಿ ಮಕ್ಕಳಿಗೆ ಟ್ಯಾಪ್ ಕಲಿಸುತ್ತಿದ್ದರು. ಮದುವೆಯಾಗಲಿಲ್ಲ. ಕೇಳಿದರೆ, “ಮದುವೆಗೆ ಬಂದವರೆಲ್ಲ ಮೊದಲು ಷೂ ಬಿಡು ಅಂದ್ರು,” ಎನ್ನುತ್ತಿದ್ದರು.

ಅವರಷ್ಟು ಸಿಟ್ಟಿನ ಮನುಷ್ಯರನ್ನು ನಾನು ಕಂಡಿಲ್ಲ. ಬಾಡಿದ ಕೊತ್ತಂಬರಿ ಇಟ್ಟ ಅಂಗಡಿಯವರ ಮೇಲೆ, ಸ್ಟಾಪಿನಲ್ಲಿ ಪೂರ್ತಿ ನಿಲ್ಲಿಸದ ಬಸ್ ಡ್ರೈವರ್ ಮೇಲೆ, ತಾಳ ತಪ್ಪಿ ಚಪ್ಪಾಳೆ ತಟ್ಟುವ ಟಿವಿ ಪ್ರೇಕ್ಷಕರ ಮೇಲೆ. ನನ್ನ ರೂಮಿನ ಹುಡುಗಿಯರು ಅವರನ್ನು ದೂರದಿಂದ ಕಂಡರೆ ರಸ್ತೆ ದಾಟಿಬಿಡುತ್ತಿದ್ದರು. ನನಗೋ, ಎಲ್ಲದಕ್ಕೂ ‘ಪರವಾಗಿಲ್ಲ, ಪರವಾಗಿಲ್ಲ’ ಎಂದು ಅಭ್ಯಾಸವಾಗಿದ್ದವಳಿಗೆ, ಅವರ ಅಡುಗೆಮನೆಯಲ್ಲಿ ಕೂತರೆ ಕಿವಿ ತೊಳೆದ ಹಾಗಾಗುತ್ತಿತ್ತು.

“ನೆಲದ ಮೇಲೆ ನಿಂತಿದೀಯ ತಾನೆ? ನೆಲಕ್ಕೆ ಗೊತ್ತಾಗಲಿ,” ಎಂಬುದು ಅವರು ಮಕ್ಕಳಿಗೆ ಮೊದಲ ದಿನ ಹೇಳುತ್ತಿದ್ದ ಪಾಠ. ನನಗೂ ಅದನ್ನೇ ಹೇಳಿದರು.

ಓದು ಮುಗಿದು, ಇಲ್ಲೇ ನೆಲೆಸಲು ಬೇಕಾದ ಪಿಆರ್ ಸಿಕ್ಕಿ, ನಾನು ಸಿಡ್ನಿಗೆ ಹೋದೆ. ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಕೆಲಸ. ಅಲ್ಲಿ ಒಮ್ಮೆ ವಾರಗಟ್ಟಲೆ ನಾನು ಕೂತು ಮಾಡಿದ ಕೆಲಸವನ್ನು ನನ್ನ ಮ್ಯಾನೇಜರ್ ತನ್ನದೆಂದು ಕ್ಲೈಂಟಿನ ಮುಂದೆ ತೋರಿಸಿದ. ನಾನು ಅದೇ ಕೋಣೆಯಲ್ಲಿ ನೋಟ್ಸ್ ಬರೆದುಕೊಳ್ಳುತ್ತ ಕೂತಿದ್ದೆ. ಡಲ್ಸಿ ಆಂಟಿಗೆ ಫೋನ್ ಮಾಡಿ ಅತ್ತೆ.

“ಅಳೋದು ಆಮೇಲೆ,” ಎಂದರು. “ನೀನು ಕೆಲಸ ಮಾಡಿ, ಅವನು ಸೂಟ್ ಹಾಕ್ಕೊಂಡು ನಿಂತನಾ? ಮುಂದಿನ ಮೀಟಿಂಗ್ ಯಾವಾಗ?”

“ಗುರುವಾರ.”

“ಎದ್ದು ನಿಂತು ಹೇಳು. ಕೂತು ಹೇಳಬೇಡ. ಕೂತವರ ಮಾತು ಯಾರಿಗೂ ಕೇಳಲ್ಲ.”

ಗುರುವಾರ ಎದ್ದು ನಿಂತು ಹೇಳಿದೆ. ಮ್ಯಾನೇಜರ್ ಕ್ಷಮೆಯನ್ನೇನೂ ಕೇಳಲಿಲ್ಲ. ಆದರೆ ಮುಂದಿನ ಸಲ ಕ್ಲೈಂಟ್ ಪ್ರಶ್ನೆ ಕೇಳಿದ್ದು ನನ್ನನ್ನು.

ಆಮೇಲೆ ಸಿಡ್ನಿಯ ಆ ಸಂಜೆ. ಬರೆಯಲು ಕೂತರೆ ಈಗಲೂ ಕೈ ಬಿಸಿಯಾಗುತ್ತದೆ.

ರೈಲು ಪಿಕ್ಚರನ್ನು ಹೊಸದಾಗಿ ಶುಚಿಗೊಳಿಸಿ, ಬಣ್ಣ ತುಂಬಿಸಿ ಬಿಡುಗಡೆ ಮಾಡಿದ್ದರು. ನಮ್ಮ ಕಡೆಯ ಕನ್ನಡದವರ ಒಂದು ಗುಂಪು ಪಶ್ಚಿಮ ಸಿಡ್ನಿಯ ಹಾಲೊಂದರಲ್ಲಿ ಅದರ ಪ್ರದರ್ಶನ ಇಟ್ಟುಕೊಂಡಿತು. ಜಯಕೀರ್ತಿಯವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮಗ ಮುಖ್ಯ ಅತಿಥಿ. ಏರ್ಪಾಟೆಲ್ಲ ಆ ಗುಂಪಿನ ಹಿರಿಯರಾದ ಶ್ರೀಧರ್ ಅಂಕಲ್‌ದು. ನಾನು ಅವರಿಗೆ ಫೋನ್ ಮಾಡಿ, ಆ ಚಿತ್ರದಲ್ಲಿ ಕುಣಿದ ಕುಮಾರಿ ನೂಪುರಾ ಮೆಲ್ಬರ್ನಿನಲ್ಲೇ ಇದ್ದಾರೆ ಎಂದೆ. ಕಾಲಿನ ವಿಷಯವನ್ನೂ ಹೇಳಿದೆ.

“ಅಯ್ಯೋ ಸೂಪರ್ ಕಣಮ್ಮಾ! ಕರ್ಕೊಂಡ್ ಬಾ. ಸ್ಟೇಜ್ ಮೇಲೆ ಕೂರಿಸಿ ಸನ್ಮಾನ ಮಾಡೋಣ. ಕಾಲಿಂದು ಎಲ್ಲಾ ಅವ್ರೇ ಹೇಳ್ಲಿ, ಚೆನ್ನಾಗಿರತ್ತೆ,” ಎಂದರು ಶ್ರೀಧರ್ ಅಂಕಲ್.

ಡಲ್ಸಿ ಆಂಟಿ ಮೊದಲು ಬೈದರು. ಆಮೇಲೆ ಟಿಕೆಟ್ ಬುಕ್ ಮಾಡು ಎಂದರು. ಹಸಿರು ರೇಷ್ಮೆಯ ಫ್ರಾಕ್ ಹೊಲಿಸಿಕೊಂಡು, ಕೂದಲಿಗೆ ಹೊಸ ಬಣ್ಣ ಹಾಕಿಸಿಕೊಂಡು ಬಂದರು. ಏರ್‌ಪೋರ್ಟಿನಲ್ಲಿ ನೋಡಿದಾಗ ಅವರ ಕೈಯಲ್ಲಿದ್ದದ್ದು ಒಂದೇ ಚೀಲ, ಷೂ ಚೀಲ. “ಬಟ್ಟೆ ಎಲ್ಲಿ ಆಂಟಿ?” ಎಂದರೆ, “ಮೈಮೇಲಿದೆಯಲ್ಲ,” ಎಂದರು.

ಹಾಲ್ ಜನರಿಂದ ತುಂಬಿತ್ತು. ಶ್ರೀಧರ್ ಅಂಕಲ್ ಮೈಕ್ ಹಿಡಿದು, “ನಮ್ಮ ಜೊತೆ ಇವತ್ತು ಒಬ್ರು ಸ್ಪೆಷಲ್ ಗೆಸ್ಟ್. ಫಾರಿನ್ ಲೇಡಿ! ಆದ್ರೆ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ ಅಂದ್ರೆ, ನಿಮ್ಮ ಮಕ್ಕಳಿಗೆ ನಾಚಿಕೆ ಆಗ್ಬೇಕು!” ಎಂದರು. ಜನ ಹೋ ಎಂದರು. ಡಲ್ಸಿ ಆಂಟಿ ವೇದಿಕೆ ಹತ್ತಿದರು. ಅಂಕಲ್ ಅವರ ಬಾಯಿಗೆ ಮೈಕ್ ಹಿಡಿದು, “ಒಂದೆರಡು ಮಾತು ಕನ್ನಡದಲ್ಲಿ ಹೇಳಿ ಮೇಡಂ. ‘ಊಟ ಆಯ್ತಾ’ ಅನ್ನಿ,” ಎಂದರು.

“ನಾನು ಫಾರಿನ್ ಅಲ್ಲ. ಬೆಂಗಳೂರು. ಈ ಪಿಕ್ಚರಲ್ಲಿ ನಾನು—”

ಚಪ್ಪಾಳೆಯೋ ಚಪ್ಪಾಳೆ. ‘ಬೆಂಗಳೂರು’ ಎಂಬ ಪದಕ್ಕೇ ಜನ ಶಿಳ್ಳೆ ಹಾಕಿದರು. ಮುಂದಿನ ಮಾತು ಯಾರಿಗೂ ಬೇಕಿರಲಿಲ್ಲ. ಗಿಳಿ ಮಾತಾಡಿತು, ಅಷ್ಟು ಸಾಕು. ಶಾಲು ಹೊದಿಸಿ, ಫೋಟೋ ತೆಗೆದು, ಕೆಳಗಿಳಿಸಿದರು. ನಾನು ಓಡಿಹೋಗಿ ಶ್ರೀಧರ್ ಅಂಕಲ್‌ರನ್ನು ತಡೆದೆ. “ಕಾಲಿನ ವಿಷಯ ಹೇಳೋಕೆ ಬಿಡ್ತೀನಿ ಅಂದಿದ್ರಲ್ಲ?” “ಟೈಮ್ ಇಲ್ಲಮ್ಮ,” ಎಂದರು ಅವರು. “ಚೀಫ್ ಗೆಸ್ಟ್ ಮಾತಾಡ್ಬೇಕು. ಅವ್ರ ತಂದೆ ಬಗ್ಗೆ ಅವ್ರ ಮುಂದೇನೇ ಹಾಗೆಲ್ಲ ಹೇಳಿದ್ರೆ ಚೆನ್ನಾಗಿರಲ್ಲ, ನೋಡು.”

ಮಗ ಮಾತಾಡಿದರು. ಅರವತ್ತು ದಾಟಿದ, ನಯವಾದ ಮನುಷ್ಯ. ತಂದೆಯವರು ಆ ಒಂದು ಹಾಡಿಗಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದನ್ನು, ಹಿಮ್ಮಡಿ ಒಡೆದು ರಕ್ತ ಬಂದದ್ದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ನನ್ನ ಪಕ್ಕದಲ್ಲಿ ಡಲ್ಸಿ ಆಂಟಿ ಕೂತಿದ್ದರು. ನಾನು ಅವರ ಕೈ ಹಿಡಿದೆ. “ಇರ್ಲಿ ಬಿಡು,” ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. “ಹೆಸರು ಅವನಿಗಿರ್ಲಿ. ಸೌಂಡ್ ನಂದು, ಅದನ್ನ ಯಾರೂ ತೆಗೆಯಕ್ಕಾಗಲ್ಲ.”

ಚಿತ್ರ ಶುರುವಾಯಿತು. ರೈಲಿನ ಹಾಡು ಬಂತು. ಜಯಕೀರ್ತಿಯವರ ಕೋಟಿಗೆ ನೀಲಿ ಬಣ್ಣ ಬಂದಿತ್ತು. ತೆರೆಯ ತುಂಬ ಷೂಗಳು ಬಂದವು, ಕುಣಿದವು. ನನಗೆ ಏನೋ ಸರಿಯಿಲ್ಲ ಎನ್ನಿಸಿತು, ಏನೆಂದು ತಿಳಿಯಲಿಲ್ಲ. ಡಲ್ಸಿ ಆಂಟಿಗೆ ತಿಳಿಯಿತು. ನನ್ನ ಕೈಯೊಳಗಿದ್ದ ಅವರ ಕೈ ಗಟ್ಟಿಯಾಯಿತು.

“ಇದು ನಂದಲ್ಲ,” ಎಂದರು.

ಹಳೆಯ ಸದ್ದು ಸವೆದಿತ್ತೆಂದು ಅದನ್ನು ತೆಗೆದುಹಾಕಿ, ಕಂಪ್ಯೂಟರಿನಲ್ಲಿ ತಯಾರಿಸಿದ ಸದ್ದು ಕೂರಿಸಿದ್ದರು. ಗಡಿಯಾರದ ಹಾಗೆ ಟಿಕ್ ಟಿಕ್ ಟಿಕ್. ಹಿಮ್ಮಡಿಗೂ ಅದೇ, ತುದಿಗೂ ಅದೇ. ಬಾಗಿಲ ಹತ್ತಿರ ಕಾಲು ಜಾರಿದಾಗಲೂ ಸದ್ದು ಜಾರಲಿಲ್ಲ.

ಡಲ್ಸಿ ಆಂಟಿ ಬಗ್ಗಿ ಚೀಲ ತೆಗೆದರು. ಕತ್ತಲಲ್ಲೇ ಚಪ್ಪಲಿ ಕಳಚಿ ಷೂ ಹಾಕಿಕೊಂಡರು. ಹಾಲಿನದು ಮರದ ನೆಲ. ಕೂತಲ್ಲಿಂದಲೇ ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಸ್ಪೀಕರನ್ನೂ ಮೀರಿ. ಮುಂದಿನ ಸಾಲಿನವರು ತಿರುಗಿ “ಶ್!” ಎಂದರು. ಯಾರೋ “ಯಾರ್ರೀ ಅದು?” ಎಂದರು. ಶ್ರೀಧರ್ ಅಂಕಲ್ ಮೊಬೈಲಿನ ಬೆಳಕು ಹಿಡಿದು ಓಡಿಬಂದು, “ಮೇಡಂ, ಪ್ಲೀಸ್, ಡಿಸ್ಟರ್ಬ್ ಆಗ್ತಿದೆ,” ಎಂದರು. ಡಲ್ಸಿ ಆಂಟಿ ಅವರನ್ನು ನೋಡಲೂ ಇಲ್ಲ. ಕಣ್ಣು ತೆರೆಯ ಮೇಲೆ, ಬೆವರು ಹಣೆಯ ಮೇಲೆ. ಹಾಡು ಮುಗಿಯುವವರೆಗೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಹಿಂದಿನಿಂದ ಯಾರೋ ನಕ್ಕರು. “ಪಾಪ, ವಯಸ್ಸಾಗಿದೆ,” ಎಂದರು ಇನ್ಯಾರೋ. ನಾನು ಎದ್ದು ಶ್ರೀಧರ್ ಅಂಕಲ್ ಮೇಲೆ ಕೂಗಾಡಿದೆ. ಏನು ಹೇಳಿದೆನೋ ನೆನಪಿಲ್ಲ, ಸುತ್ತಲಿನವರು ನನಗೂ “ಶ್!” ಎಂದದ್ದು ನೆನಪಿದೆ.

ನಾವು ಹೊರಗೆ ಬಂದೆವು. ಪಾರ್ಕಿಂಗಿನಲ್ಲಿ ಕಾರು ಹತ್ತುವಷ್ಟರಲ್ಲಿ ಜಯಕೀರ್ತಿಯವರ ಮಗ ಹಿಂದೆಯೇ ಬಂದರು. ಜಗಳಕ್ಕೆ ಬಂದರೆಂದು ನಾನು ಅಡ್ಡ ನಿಂತೆ. ಅವರು ಕೈಮುಗಿದರು.

“ಆಂಟಿ, ನೀವು ಡಲ್ಸಿ ಆಂಟಿ ಅಲ್ವಾ? ಅಪ್ಪ ಮನೇಲಿ ಹೇಳ್ತಿದ್ರು. ‘ಆ ಹಾಡು ಡಲ್ಸಿದು ಕಣೋ, ನಂದಲ್ಲ’ ಅಂತ ಎಷ್ಟೋ ಸಲ ಹೇಳಿದಾರೆ.”

ಇವರಿಗೆ ಗೊತ್ತಿತ್ತು. ಗೊತ್ತಿದ್ದೇ ಒಳಗೆ ಹಿಮ್ಮಡಿಯ ರಕ್ತದ ಕಥೆ ಹೇಳಿದ್ದರು.

“ಅಷ್ಟು ಹೇಳಿದ್ನಾ ನಿಮ್ಮಪ್ಪ?” ಎಂದರು ಡಲ್ಸಿ ಆಂಟಿ. ಅವರ ದನಿ ಒಂದು ಕ್ಷಣ ಮೆತ್ತಗಾಯಿತು. “ಒಳ್ಳೇದು. ಬಾ, ಒಳಗೆ ಹೋಗೋಣ. ಮೈಕಲ್ಲಿ ಹೇಳು.”

“ಈಗ ಯಾಕೆ ಆಂಟಿ… ಅಭಿಮಾನಿಗಳಿಗೆ ಬೇಜಾರಾಗತ್ತೆ. ಅಪ್ಪನ ಇಮೇಜ್ ಪ್ರಶ್ನೆ. ನಿಮಗೆ ಗೊತ್ತು, ನಮಗೆ ಗೊತ್ತು, ಸಾಕಲ್ವಾ?” ಎಂದು ಮೊಬೈಲ್ ತೆಗೆದರು. “ಒಂದು ಸೆಲ್ಫಿ ತಗೊಳ್ಲಾ? ಮನೇಲಿ ತೋರಿಸ್ತೀನಿ.”

ಡಲ್ಸಿ ಆಂಟಿ ಕಾರಿನ ಬಾಗಿಲು ತೆರೆದು ಕೂತು, ಎರಡೂ ಕಾಲನ್ನು ಹೊರಗೆ ಚಾಚಿದರು.

“ಕಾಲು ಮಾತ್ರ ತೆಗಿ,” ಎಂದರು. “ನಿಮಗೆ ಅದೇ ಅಭ್ಯಾಸ.”

ಆ ಮನುಷ್ಯ ಮೊಬೈಲ್ ಹಿಡಿದು ಹಾಗೇ ನಿಂತರು. ಅವರ ಮುಖ ಕೆಂಪಾದದ್ದನ್ನು ನಾನು ಕಂಡೆ. ಒಳಗೆ ಹೋಗಿ ಮೈಕಿನಲ್ಲಿ ಹೇಳುವಷ್ಟು ಕೆಂಪಾಗಲಿಲ್ಲ.

ಮರುದಿನ ಶ್ರೀಧರ್ ಅಂಕಲ್ ಕನ್ನಡದವರ ಆನ್‌ಲೈನ್ ಗ್ರೂಪಿನಲ್ಲಿ ಫೋಟೋ ಹಾಕಿದರು: ‘ಕನ್ನಡ ಮಾತನಾಡುವ ವಿದೇಶಿ ಮಹಿಳೆಗೆ ಸನ್ಮಾನ’. ನಾನು ಅದರ ಕೆಳಗೆ ನಡೆದದ್ದನ್ನೆಲ್ಲ ಬರೆದೆ. ಕೆಲವರು ನಗುವ ಮುಖ ಒತ್ತಿದರು, ಕೆಲವರು ‘ಪ್ರೂಫ್ ಇದೆಯಾ ಸಿಸ್ಟರ್?’ ಎಂದರು. ಸ್ವಲ್ಪ ಹೊತ್ತಿನ ಮೇಲೆ ನಾನು ಬರೆದದ್ದು ಅಲ್ಲಿರಲಿಲ್ಲ. ನಾನೂ ಆ ಗ್ರೂಪಿನಲ್ಲಿರಲಿಲ್ಲ.

ನಾನು ಮದುವೆಯಾಗಿ ಮೆಲ್ಬರ್ನಿಗೆ ಮರಳಿ ಬಂದೆ. ಟ್ರುಗನಿನಾದಲ್ಲಿ ಮನೆ, ಮಾರ್ಟ್‌ಗೇಜ್, ಎಲ್ಲರ ಹಾಗೆ. ಡಲ್ಸಿ ಆಂಟಿ ಒಮ್ಮೆ ಬಾತ್‌ರೂಮಿನಲ್ಲಿ ಬಿದ್ದ ಮೇಲೆ ಅವರ ಅಣ್ಣನ ಮಗಳು ಶೆರಿಲ್ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿದರು. ಶೆರಿಲ್ ಕೆಟ್ಟವರಲ್ಲ, ಅತ್ತೆಯ ಸಿನಿಮಾದ ದಿನಗಳನ್ನು ಮನೆಯಲ್ಲಿ ಹೆಚ್ಚು ಆಡದ ವಂಶದಲ್ಲಿ ಬೆಳೆದವರು, ಅಷ್ಟೇ. ಸಿನಿಮಾದಲ್ಲಿ ಕುಣಿದವಳು ಎಂಬುದು ಅವರಲ್ಲೂ ಗೌರವದ ಮಾತಾಗಿರಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಆಶ್ರಮದ ದೊಡ್ಡ ಕೋಣೆಯಲ್ಲಿ ವೃದ್ಧರನ್ನೆಲ್ಲ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿ, ಹಾಡು ಹಾಕಿ, ಕಾಲೆತ್ತಿಸುವ ವ್ಯಾಯಾಮ ನಡೆಯುತ್ತಿತ್ತು. ಡಲ್ಸಿ ಆಂಟಿ ಮಾತ್ರ ಕೈಕಟ್ಟಿ ಕೂತಿದ್ದರು. “ಆ ಹುಡುಗಿ ತಾಳಕ್ಕೆ ಹಿಂದೆ ಇದಾಳೆ. ಹೇಳಿದ್ರೆ ‘ಲವ್ಲೀ ಡಾರ್ಲಿಂಗ್’ ಅಂತಾಳೆ,” ಎಂದು ಕೋಣೆಯೆಲ್ಲ ಕೇಳುವ ಹಾಗೆ ದೂರಿದರು. ನಾನು ಗಾಲಿಕುರ್ಚಿ ತಳ್ಳಿಕೊಂಡು ಅವರನ್ನು ಹೊರಗಿನ ಬಿಸಿಲಿಗೆ ಕರೆದೊಯ್ದೆ. ಬಹಳ ಸಣ್ಣಗಾಗಿದ್ದರು. ಕೂದಲಿನ ಬಣ್ಣ ಪೂರ್ತಿ ಇಳಿದಿತ್ತು.

ಬಿಸಿಲಿಗೆ ಕಾಲು ಚಾಚಿ ಕೇಳಿದರು: “ಸಿಡ್ನಿಯಲ್ಲಿ ಆ ದಿನ ನಂದು ಟೈಮಿಂಗ್ ಸರಿಯಿತ್ತಾ?”

“ಸರಿಯಿತ್ತು ಆಂಟಿ.”

“ಸುಳ್ಳು ಹೇಳಬೇಡ ದಾವಣಗೆರೆ.”

“ಎರಡನೇ ಚರಣದಲ್ಲಿ ಒಂದು ಕಡೆ ಸ್ವಲ್ಪ ಹಿಂದೆ ಬಿದ್ರಿ. ಆಮೇಲೆ ಹಿಡಿದ್ಬಿಟ್ರಿ.”

ಅವರ ಮುಖ ಅರಳಿತು. ನನ್ನ ಮಣಿಕಟ್ಟು ಹಿಡಿದುಕೊಂಡರು. “ಗುಡ್,” ಎಂದರು. “ಹಾಗಾದ್ರೆ ನೀನು ಕೇಳ್ತಿದ್ದೆ.”

ಅದಾಗಿ ಕೆಲವು ವಾರಗಳಲ್ಲಿ ಶೆರಿಲ್ ಫೋನ್ ಮಾಡಿದರು. ನಿದ್ದೆಯಲ್ಲೇ ಹೋದರಂತೆ.

ಅಂತ್ಯಕ್ರಿಯೆಗೆ ಚರ್ಚಿನಲ್ಲಿ ಮೂವತ್ತು ನಲವತ್ತು ಜನ ಇದ್ದರು. ಡಲ್ಸಿ ಆಂಟಿಯನ್ನು ಎಂದೂ ನೋಡದ ಫಾದರ್ ಒಬ್ಬರು, ಮನೆಯವರು ಹೇಳಿಕೊಟ್ಟ ನಾಲ್ಕು ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಡಲ್ಸಿ ಶಾಂತ ಸ್ವಭಾವದ ಹೆಂಗಸು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಷ್ಠೆಯಿಂದ ದುಡಿದವರು. ಬಿಡುವಿದ್ದಾಗ ಡ್ಯಾನ್ಸ್ ಮಾಡುವುದೆಂದರೆ ಅವರಿಗೆ ಇಷ್ಟವಿತ್ತು.

ನಾನು ಎದ್ದು ನಿಂತೆ. ನಿಲ್ಲಬೇಕೆಂದು ಯೋಚಿಸಿದ್ದೇನೂ ಅಲ್ಲ. ಪಕ್ಕದಲ್ಲಿದ್ದ ಗಂಡ ನನ್ನ ಸೆರಗು ಎಳೆದ.

“ಕ್ಷಮಿಸಿ ಫಾದರ್,” ಎಂದೆ. “ಅದು ತಪ್ಪು. ಡಲ್ಸಿ ಸಿನಿಮಾ ತಾರೆ. ಮೂರು ಭಾಷೆಗಳ ಚಿತ್ರಗಳಲ್ಲಿ ಕುಣಿದವರು. ಅವರ ಕಾಲಿನ ಸದ್ದನ್ನು ಲಕ್ಷಾಂತರ ಜನ ಕೇಳಿದ್ದಾರೆ, ಬೇರೆಯವರದೆಂದುಕೊಂಡು. ಬಿಡುವಿದ್ದಾಗ ಮಾಡಿದ್ದು ಲಾಂಡ್ರಿ ಕೆಲಸ. ಮತ್ತೆ ಅವರು ಶಾಂತ ಸ್ವಭಾವದವರಾಗಿರಲಿಲ್ಲ. ಶಾಂತವಾಗಿರಲು ಯಾರೂ ಅವರಿಗೆ ಒಂದು ಕಾರಣವನ್ನೂ ಕೊಡಲಿಲ್ಲ.”

ಮುಂದಿನ ಬೆಂಚಿನಲ್ಲಿದ್ದ ಶೆರಿಲ್ ತಲೆ ತಗ್ಗಿಸಿದರು. ಫಾದರ್ ಕನ್ನಡಕ ತೆಗೆದು ಒರೆಸಿಕೊಂಡು, “ಇನ್ನೂ ಹೇಳುವುದಿದ್ದರೆ ಮುಂದೆ ಬಂದು ಹೇಳಮ್ಮ,” ಎಂದರು.

ನಾನು ಬೆಂಚಿನಿಂದ ಹೊರಬಂದು ಮುಂದಕ್ಕೆ ನಡೆದೆ.